ಪೈಲಟ್‌ಗೆ ವಿಮಾನ ಫ್ರೀ, ಬೇಕಾದಾಗ ಮನೆಗೆ ಬರಬಹುದು ಎನ್ನುವುದು ನಿಜವೇ?

"ಪೈಲಟ್‌ಗಳಿಗೇನು ಕಷ್ಟ? ವಿಮಾನ ಫ್ರೀ, ಬೇಕಾದಾಗ ಊರಿಗೆ ಹಾರಿ ಬರ್ತಾರೆ. ಆದ್ರೂ ಇನ್ನಷ್ಟು ರೆಸ್ಟ್ ಬೇಕಂತೆ!" 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಇಂಥ ಮಾತು ನಿಮ್ಮ ಗ್ರೂಪಿಗೂ ಬಂದಿರಬಹುದು. ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಬಸ್ ಚಾಲಕರಿಗೆ ಡಿಪೋ ಇದ್ದ ಹಾಗೆ ಪೈಲಟ್‌ಗೆ 'ಹೋಮ್ ಬೇಸ್' ಇರುತ್ತದೆ. ಡ್ಯೂಟಿ ಸಾಮಾನ್ಯವಾಗಿ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಬೇಸ್ ಯಾವುದೆಂದು ಹೇಳುವುದು ಕಂಪನಿ. ಹೆಸರಿನಲ್ಲಿ 'ಹೋಮ್' ಇದೆ ನಿಜ, ಆದರೆ ಮನೆ ಅಲ್ಲಿರಬೇಕೆಂದೇನಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಚಾಲಕರು, ಕಂಡಕ್ಟರ್‌ಗಳು ದಕ್ಷಿಣದ ಡಿಪೋಗಳಲ್ಲಿ ದುಡಿಯುತ್ತ ವರ್ಗಾವಣೆಗೆ ಕಾಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ಪಾಡು.

"ಮೈಸೂರಿಗೇ ಹಾಕಿಸಿಕೊಳ್ಳಬಹುದಲ್ಲ?" ಆಗದು. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ, ಅಲ್ಲಿಗೆ ಬರುವುದು ಎಟಿಆರ್‌ನಂಥ ಚಿಕ್ಕ ವಿಮಾನ. ಏರ್‌ಬಸ್ ಓಡಿಸುವವರು ಬೇರೆ ತರಬೇತಿ, ಬೇರೆ ಅನುಮತಿ ಇಲ್ಲದೆ ಎಟಿಆರ್ ಓಡಿಸುವಂತಿಲ್ಲ. ಉಳಿದದ್ದು ಬೆಂಗಳೂರು. ಅಲ್ಲಿ ತಮ್ಮದೇ ಬಗೆಯ ವಿಮಾನದ, ತಮ್ಮದೇ ಹುದ್ದೆಯ ಜಾಗ ಖಾಲಿಯಾಗಬೇಕು.

ಈಗ ಲೆಕ್ಕ ಹಾಕೋಣ. ದೆಹಲಿ ಬೇಸಿನ ಒಬ್ಬ ಪೈಲಟ್, ಮನೆ ಚಾಮರಾಜನಗರದ ಹತ್ತಿರದ ಉಡಿಗಾಲ ಎಂದುಕೊಳ್ಳಿ. ಈಗಿನ ನಿಯಮದಂತೆ ವಾರಕ್ಕೊಮ್ಮೆ ಎಡೆಬಿಡದೆ 48 ಗಂಟೆ ವಿಶ್ರಾಂತಿ ಸಿಗಬೇಕು. ದೆಹಲಿಯ ರೂಮಿನಿಂದ ವಿಮಾನ ಹತ್ತುವವರೆಗೆ ಎರಡು ಗಂಟೆಯಾದರೂ ಬೇಕು. ಹಾರಾಟ ಮೂರು ಗಂಟೆ. ದೇವನಹಳ್ಳಿಯಿಂದ ಬೆಂಗಳೂರು ದಾಟಿ ಉಡಿಗಾಲ ಮುಟ್ಟಲು ಇನ್ನೈದು ಗಂಟೆ. ಹೋಗಿಬರುವುದಕ್ಕೇ 20 ಗಂಟೆ! ಸಿಬ್ಬಂದಿಯ ರಿಯಾಯಿತಿ ಟಿಕೆಟ್ ಸಾಮಾನ್ಯವಾಗಿ ಸೀಟು ಖಾಲಿ ಇದ್ದರಷ್ಟೇ. ಹಬ್ಬದ ದಿನಗಳಲ್ಲಿ ಅದನ್ನು ನಂಬುವ ಹಾಗೇ ಇಲ್ಲ. ಹಾಗಾಗಿ ಬೇಗನೆ ಹೊರಡಬೇಕು. ಮನೆಯಲ್ಲಿ ಸಿಗುವುದು ಒಂದು ರಾತ್ರಿ, ಒಂದು ಊಟ, ಮಕ್ಕಳ ಜೊತೆ ಸ್ವಲ್ಪ ಹೊತ್ತು.

ಕಾಗದದಲ್ಲಿ ಮಾತ್ರ ಅದು ಪೂರ್ತಿ 48 ಗಂಟೆಯ ವಿಶ್ರಾಂತಿ.

ಇದು ಬರೀ ಮನೆ ನೆನಪಿನ ಮಾತಲ್ಲ. ಸತತ 17 ಗಂಟೆ ಎಚ್ಚರವಾಗಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಸುಕಿನ 2ರಿಂದ 6ರವರೆಗೆ ದೇಹದ ಗಡಿಯಾರವೇ ನಮ್ಮನ್ನು ನಿದ್ದೆಗೆ ಎಳೆಯುತ್ತದೆ.

2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಬಳಿ ವಿಮಾನ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ ಮನೆ ಇದ್ದ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ, ದೇಶದ ಇನ್ನೊಂದು ತುದಿಯ ನೆವಾರ್ಕ್ ಬೇಸಿಗೆ ಬಂದು ಡ್ಯೂಟಿ ಹತ್ತಿದ್ದರು. ಕ್ಯಾಪ್ಟನ್ ಹಿಂದಿನ ರಾತ್ರಿ ಕಳೆದದ್ದು ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ಮುಖ್ಯ ಕಾರಣ ಕ್ಯಾಪ್ಟನ್‌ರ ತಪ್ಪು ಪ್ರತಿಕ್ರಿಯೆ ಎಂದ ತನಿಖೆ, ಇಬ್ಬರ ಕೆಲಸದ ಮೇಲೂ ದಣಿವು ಪರಿಣಾಮ ಬೀರಿದ್ದಿರಬಹುದು ಎಂದೂ ಹೇಳಿತು.

ನಮ್ಮ ಮಂಗಳೂರಿನದು ಬೇರೆ ಬಗೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಂದರಕ್ಕೆ ಉರುಳಿ 158 ಜನ ತೀರಿಕೊಂಡರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಗೊರಕೆ ದಾಖಲಾಗಿತ್ತು. ದೀರ್ಘ ನಿದ್ದೆಯಿಂದ ಎದ್ದ ಮಂಪರಿನಲ್ಲಿ ತೀರ್ಮಾನ ತಪ್ಪಿರಬಹುದು ಎಂದಿತು ವರದಿ. ಅಲ್ಲಿ ಮನೆಗೆ ಓಡಾಡಿದ ದಣಿವಿನ ಪ್ರಶ್ನೆ ಇರಲಿಲ್ಲ, ಆದರೆ ನಿದ್ದೆಯ ವಿಷಯ ಹಗುರಲ್ಲ ಎನ್ನಲು ಅಷ್ಟು ಸಾಕು.

ಇನ್ನು ಆ ಫಾರ್ವರ್ಡ್‌ನ 'ಇನ್ನಷ್ಟು ರೆಸ್ಟ್' ವಿಚಾರ. ಅದು ಪೈಲಟ್‌ಗಳ ಸೋಮಾರಿತನವಲ್ಲ, ವಿಮಾನಯಾನ ನಿಯಂತ್ರಕ ಡಿಜಿಸಿಎ ತಂದ ನಿಯಮ. 2025ರ ಜುಲೈವರೆಗೆ ವಾರದ ವಿಶ್ರಾಂತಿ ಇದ್ದದ್ದು 48 ಅಲ್ಲ, 36 ಗಂಟೆ. ಅದರಲ್ಲಿ ಉಡಿಗಾಲದ 20 ಗಂಟೆ ಕಳೆದು ನೋಡಿ.