ಹಳೆಯ ವಿಲ್ಲಿಸ್ ಜೀಪಿನಿಂದ ಹಿಮ ನೂಕುವ ಬಗೆ

ಮನೆಯ ಗ್ಯಾರೇಜಿನಿಂದ ರಸ್ತೆಯವರೆಗೆ ಐವತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲದ ದಾರಿ ಇದೆ ಎಂದುಕೊಳ್ಳಿ. ರಾತ್ರಿ ಅದರ ಮೇಲೆ 20 ಸೆಂಟಿಮೀಟರ್ ಹಿಮ ಬಿದ್ದರೆ ಬೆಳಿಗ್ಗೆ ಅಲ್ಲಿ 30 ಘನ ಮೀಟರ್ ಹಿಮ ಕೂತಿರುತ್ತದೆ. ಒಣ ಹಿಮವಾದರೆ ಘನ ಮೀಟರಿಗೆ 100 ಕಿಲೋ ಹಿಡಿದರೂ ಮೂರು ಟನ್ ಆಯಿತು. ನೀರು ಹಿಡಿದ ಹಿಮವಾದರೆ ಒಂಬತ್ತು ಟನ್ ದಾಟಬಹುದು. ಕೆಲಸಕ್ಕೆ, ಶಾಲೆಗೆ ಹೊರಡುವ ಮುಂಚೆ ಇಷ್ಟನ್ನೂ ಪಕ್ಕಕ್ಕೆ ಸರಿಸಬೇಕು.

ಅಮೆರಿಕದ ಮಹಾ ಸರೋವರಗಳ ದಡದಲ್ಲಿ ಇದು ಚಳಿಗಾಲವಿಡೀ ನಡೆಯುವ ಕೆಲಸ. ಕೆನಡಾ ಕಡೆಯಿಂದ ಬರುವ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ಈರಿ, ಒಂಟಾರಿಯೊ ಸರೋವರಗಳ ಮೇಲೆ ಹಾಯುವಾಗ ತೇವ ಹೀರಿಕೊಳ್ಳುತ್ತದೆ. ದಡ ಸೇರಿ ಮೇಲೇರಿದೊಡನೆ ಅದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ ಮೂರು ಮೀಟರಿನಷ್ಟು ಹಿಮ ಬೀಳುತ್ತದೆ. ಅದರ ಉತ್ತರಕ್ಕಿರುವ ಟಗ್ ಹಿಲ್ ಪ್ರಸ್ಥಭೂಮಿಯಲ್ಲಿ ಇನ್ನೂ ಹೆಚ್ಚು. ಊರಿನ ರಸ್ತೆಗಳನ್ನು ಆಡಳಿತದ ಲಾರಿಗಳು ಬಿಡಿಸುತ್ತವೆ. ಮನೆಯ ದಾರಿ ಮಾತ್ರ ಮನೆಯವರ ಹೊಣೆ. ಈ ಕೆಲಸಕ್ಕೆ ಇಂದಿಗೂ ಐವತ್ತು, ಅರವತ್ತು, ಎಪ್ಪತ್ತು ವರ್ಷ ಹಳೆಯ ಜೀಪುಗಳನ್ನು ದುಡಿಸುವವರು ಅಲ್ಲಿದ್ದಾರೆ. ಬರೀ ಹಳೆಯದರ ಮೋಹದಿಂದ ಅವರು ಹಾಗೆ ಮಾಡುವುದಿಲ್ಲ. ಆ ಬಂಡಿ ಆ ಕೆಲಸಕ್ಕೆ ನಿಜವಾಗಿಯೂ ಒಪ್ಪುತ್ತದೆ.

ಎರಡನೆಯ ಮಹಾಯುದ್ಧದ ಜೀಪನ್ನು ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿ 1945ರಲ್ಲಿ ನಾಗರಿಕರಿಗಾಗಿ ಸಿಜೆ-2ಎ ಎಂಬ ಹೆಸರಿನಲ್ಲಿ ಮಾರತೊಡಗಿತು. ಆಮೇಲೆ ಸಿಜೆ-3ಎ, ಸಿಜೆ-3ಬಿ, ಸಿಜೆ-5 ಬಂದವು. ಇವುಗಳಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ನಮಗೆ ಅಪರಿಚಿತವಲ್ಲ. ಮಹೀಂದ್ರ ಕಂಪನಿ ಭಾರತದಲ್ಲಿ ದಶಕಗಳ ಕಾಲ ತಯಾರಿಸಿದ್ದು ಅದನ್ನೇ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಮಳೆಗಾಲದ ಕೆಸರಿಗೆ ಫೋರ್‌ವೀಲ್ ಹಾಕಿ ಏರು ಹತ್ತಿದವರಿಗೆ, ಅದೇ ಗೇರುಗಳು ಹಿಮದಲ್ಲಿ ಹೇಗೆ ದುಡಿಯುತ್ತವೆ ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ.

ಸಿಜೆ-2ಎಯ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಇರುವುದು 60 ಅಶ್ವಶಕ್ತಿ. ಇಂದಿನ ಸಣ್ಣ ಕಾರಿಗಿಂತ ಕಡಿಮೆ. ಇಷ್ಟರಿಂದ ಟನ್‌ಗಟ್ಟಲೆ ಹಿಮ ಸರಿಯುತ್ತದೆಯೇ ಎಂಬ ಅನುಮಾನ ಸಹಜ. ಉತ್ತರ ಎಂಜಿನ್ನಿನಲ್ಲಿ ಇಲ್ಲ, ಟಯರಿನ ಹಿಡಿತದಲ್ಲಿದೆ. ಜೀಪಿನ ತೂಕ ಸುಮಾರು ಒಂದು ಟನ್. ಹಿಮ ನೂಕಲು ಮುಂದೆ ಕಟ್ಟುವ ಪ್ಲೋ, ಚಾಲಕ, ಹಿಂದೆ ಇಟ್ಟ ಮರಳಿನ ಮೂಟೆಗಳು ಎಲ್ಲ ಸೇರಿ 1300ರಿಂದ 1400 ಕಿಲೋ ಆಗುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಟಯರಿಗೆ ಸಿಗುವ ಹಿಡಿತ ಈ ತೂಕದ ಕಾಲು ಭಾಗದ ಆಸುಪಾಸು. ಅಂದರೆ ನಾಲ್ಕೂ ಚಕ್ರ ಎಳೆದರೆ ಮುನ್ನೂರು ಕಿಲೋದಷ್ಟು ನೂಕುಬಲ ಸಿಗುತ್ತದೆ. ಹಿಂದಿನ ಎರಡೇ ಚಕ್ರ ಎಳೆದರೆ ಅದರ ಅರ್ಧ. ಪ್ಲೋದ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಕೂರುವುದರಿಂದ, ಆ ಚಕ್ರಗಳು ಎಳೆಯದಿದ್ದರೆ ಇರುವ ತೂಕವೂ ವ್ಯರ್ಥ. ಇನ್ನೊಂದು ಕಡೆ, ಎಂಜಿನ್ನಿನ ಬಲವನ್ನು ಎರಡೂ ಆಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಲೋ ರೇಂಜಿಗೆ ಹಾಕಿದರೆ ಗೇರಿನ ಬಲ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಆಗ ಮೊದಲ ಗೇರಿನಲ್ಲಿ ಎಂಜಿನ್ ಕೊಡಬಲ್ಲ ಬಲ ಟಯರಿನ ಹಿಡಿತಕ್ಕಿಂತ ಹಲವು ಪಟ್ಟು. ದೊಡ್ಡ ಎಂಜಿನ್ ಹಾಕಿದರೆ ಚಕ್ರ ಇನ್ನೂ ಜೋರಾಗಿ ತಿರುಗಿ ಹಿಮವನ್ನು ಮಂಜುಗಡ್ಡೆಯಾಗಿ ಉಜ್ಜೀತೇ ಹೊರತು ಕೆಲಸ ಹೆಚ್ಚು ಸಾಗದು.

ಆದ್ದರಿಂದ ಖರ್ಚು ಮಾಡುವುದಿದ್ದರೆ ಟಯರಿಗೆ ಮಾಡಿ. ಅಗಲ ಟಯರ್ ನೋಡಲು ಚೆಂದ, ಆದರೆ ಅದು ಹಿಮದ ಮೇಲೆ ತೇಲುತ್ತದೆ. ಜೀಪಿನ ಜೊತೆಗೇ ಬರುತ್ತಿದ್ದ ಆರು, ಏಳು ಇಂಚಿನ ಕಿರಿದಾದ ಟಯರ್ ಹಿಮವನ್ನು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯುತ್ತದೆ. ಮಂಜುಗಡ್ಡೆ ಕಟ್ಟಿದ ದಿನ ಟಯರಿಗೆ ಸರಪಳಿ ಬೇಕೇ ಬೇಕು. ನಾಲ್ಕಕ್ಕೂ ಹಾಕಿದರೆ ಒಳ್ಳೆಯದು. ಮರಳಿನ ಮೂಟೆಗಳನ್ನು ಹಿಂದಿನ ಆಕ್ಸಲಿನ ಹಿಂಭಾಗಕ್ಕೆ ಇಟ್ಟು ಜರುಗದಂತೆ ಕಟ್ಟಬೇಕು. ಸಿಕ್ಕಿಹಾಕಿಕೊಂಡಾಗ ಒಂದು ಮೂಟೆ ಬಿಚ್ಚಿ ಚಕ್ರದ ಕೆಳಗೆ ಚೆಲ್ಲಲೂ ಬರುತ್ತದೆ.

ಈಗ ಪ್ಲೋದ ಮಾತು. ಇದು ಒಳಕ್ಕೆ ಬಾಗಿದ ಉಕ್ಕಿನ ಅಗಲ ತಗಡು. ಬಾಗು ಇರುವುದರಿಂದ ಹಿಮ ಎದುರಿಗೆ ಗುಡ್ಡೆಯಾಗಿ ನಿಲ್ಲದೆ ಉರುಳುತ್ತ ಪಕ್ಕಕ್ಕೆ ಹೋಗುತ್ತದೆ. ಕೆಳ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಪಟ್ಟಿ ನೆಲವನ್ನು ಕೆರೆಯುತ್ತದೆ. ಅದು ಸವೆದಾಗ ಪಟ್ಟಿಯನ್ನಷ್ಟೇ ಬದಲಿಸಿದರೆ ಸಾಕು. ಹಿಂದೆ ತ್ರಿಕೋನಾಕಾರದ ಚೌಕಟ್ಟು ಇರುತ್ತದೆ. ಅದರ ಎರಡು ಕಾಲುಗಳನ್ನು ಜೀಪಿನ ಚಾಸಿಗೆ ಪಿನ್ನಿನಿಂದ ಜೋಡಿಸುತ್ತಾರೆ. ಬಂಪರಿಗೆ ಎಂದೂ ಜೋಡಿಸಬಾರದು, ಏಕೆಂದರೆ ನೂಕುವ ಬಲವೆಲ್ಲ ಈ ಎರಡು ಪಿನ್ನುಗಳ ಮೂಲಕವೇ ಹಾಯುತ್ತದೆ. ಕ್ಲೀವ್‌ಲ್ಯಾಂಡಿನ ಮೇಯರ್, ಮಿಲ್ವಾಕಿಯ ವೆಸ್ಟರ್ನ್, ಮೇಯ್ನ್ ರಾಜ್ಯದ ರಾಕ್‌ಲ್ಯಾಂಡಿನ ಫಿಶರ್ ಈ ಕ್ಷೇತ್ರದ ಹಳೆಯ ಹೆಸರುಗಳು.

ಪ್ಲೋದ ಬೆನ್ನಿಗಿರುವ ದಪ್ಪ ಸ್ಪ್ರಿಂಗುಗಳೇ ಇಡೀ ಸಾಧನದ ಜಾಣ ಭಾಗ ಎಂದು ನನಗೆ ಅನ್ನಿಸುತ್ತದೆ. ಹಿಮದ ಕೆಳಗೆ ಮರದ ಬೇರು, ಕಲ್ಲು, ಚರಂಡಿಯ ಮುಚ್ಚಳ ಇರಬಹುದು, ಚಾಲಕನಿಗೆ ಕಾಣುವುದಿಲ್ಲ. ಕೆಳ ಅಂಚು ಅದಕ್ಕೆ ತಾಗಿದ ಕ್ಷಣ ಸ್ಪ್ರಿಂಗ್ ಹಿಗ್ಗಿ ಪ್ಲೋ ಮುಂದಕ್ಕೆ ಮಗುಚುತ್ತದೆ, ಅಡ್ಡಿಯ ಮೇಲೆ ದಾಟಿ ಮತ್ತೆ ನೆಟ್ಟಗಾಗುತ್ತದೆ. ಫಿಶರ್ ಮಾದರಿಯಲ್ಲಿ ಇಡೀ ತಗಡು ಮಗುಚುವ ಬದಲು ಕೆಳ ಅಂಚು ಮಾತ್ರ ಮಡಚುತ್ತದೆ. ಈ ಸ್ಪ್ರಿಂಗುಗಳು ತುಕ್ಕು ಹಿಡಿದು ಬಿಗಿದಿದ್ದರೆ ಪೆಟ್ಟು ನೇರವಾಗಿ ಚಾಸಿಗೆ, ಅಲ್ಲಿಂದ ಸ್ಟೀರಿಂಗ್ ಹಿಡಿದವರ ಎದೆಗೆ. ಚಳಿಗಾಲಕ್ಕೆ ಮುಂಚೆ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಅಗಲದ ಆಯ್ಕೆಯಲ್ಲೂ ಒಂದು ಲೆಕ್ಕವಿದೆ. ಜೀಪಿಗೆ ಆರು, ಆರೂವರೆ ಅಡಿಯ ಪ್ಲೋ ಸರಿ. ಹಿಮವನ್ನು ಪಕ್ಕಕ್ಕೆ ಉರುಳಿಸಲು ಪ್ಲೋವನ್ನು 30 ಡಿಗ್ರಿಯಷ್ಟು ಓರೆ ಮಾಡಿದಾಗ ಆರು ಅಡಿ, ಅಂದರೆ 72 ಇಂಚು, ಸುಮಾರು 62 ಇಂಚಿಗೆ ಇಳಿಯುತ್ತದೆ. ಜೀಪಿನ ಟಯರುಗಳ ಹೊರ ಅಂಚಿನಿಂದ ಹೊರ ಅಂಚಿಗೆ 55 ಇಂಚು ಎಂದುಕೊಂಡರೂ ಚಕ್ರಗಳು ಬಿಡಿಸಿದ ನೆಲದ ಮೇಲೆಯೇ ಉರುಳುತ್ತವೆ. ಇದಕ್ಕಿಂತ ಕಿರಿದಾದರೆ ಚಕ್ರ ಹಿಮ ತುಳಿಯುತ್ತದೆ. ಏಳೂವರೆ ಅಡಿಯದ್ದನ್ನು ಹಾಕಿದರೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿಯುತ್ತವೆ.

ಪ್ಲೋವನ್ನು ಎತ್ತಿ ಇಳಿಸುವ ವ್ಯವಸ್ಥೆ ಮೂರು ಬಗೆಯದು. ಬಹಳ ಹಳೆಯವುಗಳಲ್ಲಿ ಚಾಲಕನೇ ಉದ್ದ ಕೈಹಿಡಿಯಿಂದ ಎತ್ತಬೇಕು, ಓರೆ ಮಾಡಲು ಇಳಿದು ಹೋಗಿ ಪಿನ್ ಕಿತ್ತು ತಿರುಗಿಸಬೇಕು. ಆಮೇಲೆ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಹೈಡ್ರಾಲಿಕ್ ಪಂಪು ಬಂತು. ಅದಾದ ಮೇಲೆ ಬ್ಯಾಟರಿಯಿಂದ ನಡೆಯುವ ಪಂಪು. ಮೊದಮೊದಲ ಜೀಪುಗಳು 6 ವೋಲ್ಟಿನವು, ಇಂದು ಸಿಗುವ ವಿದ್ಯುತ್ ಪಂಪುಗಳು 12 ವೋಲ್ಟಿನವು. ವೈರಿಂಗ್ ಬದಲಿಸದೆ ಅವನ್ನು ಜೋಡಿಸಲಾಗದು. ಸಣ್ಣ ದಾರಿಗೆ ಬೆಲ್ಟಿನ ಪಂಪು ನಂಬಿಕೆಯದು. ಚಳಿಗೆ ಅರ್ಧ ಬಲ ಕಳೆದುಕೊಳ್ಳುವ ಬ್ಯಾಟರಿಯನ್ನು ಅದು ಕಾಡುವುದಿಲ್ಲ. ಯಾವ ಪಂಪಾದರೂ ಎಣ್ಣೆಯಲ್ಲಿ ನೀರು ಸೇರಿದ್ದರೆ ಅದು ಒಳಗೇ ಹೆಪ್ಪುಗಟ್ಟಿ, ಬೇಕಾದ ಹೊತ್ತಿಗೆ ಪ್ಲೋ ಮೇಲೇಳುವುದಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ.

ಕೆಲಸ ಆರಂಭವಾಗುವುದು ಹಿಮ ಬೀಳುವ ಮುಂಚೆ. ನೆಲ ಹೆಪ್ಪುಗಟ್ಟಿದ ಮೇಲೆ ಗೂಟ ಇಳಿಯುವುದಿಲ್ಲ, ಹಾಗಾಗಿ ಶರತ್ಕಾಲದಲ್ಲೇ ದಾರಿಯ ಎರಡೂ ಅಂಚಿಗೆ ಎತ್ತರದ ಗುರುತು ಕಡ್ಡಿಗಳನ್ನು ನೆಡುತ್ತಾರೆ. ಹೂವಿನ ಪಾತಿ, ನೀರಿನ ನಲ್ಲಿ, ಮೆಟ್ಟಿಲಿನ ಮೂಲೆಗೂ ಒಂದೊಂದು ಬೇಕು. ಜಲ್ಲಿ ದಾರಿಯಾದರೆ ಪ್ಲೋದ ಕೆಳಗಿನ ಬಿಲ್ಲೆಗಳನ್ನು ಹೊಂದಿಸಿ ಅಂಚು ನೆಲದಿಂದ ಇಂಚಿನಷ್ಟು ಮೇಲಿರುವಂತೆ ಮಾಡಬೇಕು. ಇಲ್ಲದಿದ್ದರೆ ವಸಂತದಲ್ಲಿ ಜಲ್ಲಿಯೆಲ್ಲ ಹುಲ್ಲಿನ ಮೇಲೆ ಸಿಗುತ್ತದೆ. ತಗಡಿಗೆ ಮೇಣ ಅಥವಾ ಸಿಲಿಕೋನ್ ಉಜ್ಜಿದರೆ ಒದ್ದೆ ಹಿಮ ಅಂಟುವುದಿಲ್ಲ.

ಹಿಮ ಸುರಿಯುವುದು ನಿಲ್ಲಲಿ ಎಂದು ಕಾಯುವುದು ದೊಡ್ಡ ಟ್ರಕ್ಕಿನವರಿಗೆ ನಡೆದೀತು, ಜೀಪಿಗೆ ನಡೆಯದು. ನಾಲ್ಕೈದು ಇಂಚು ಬಿದ್ದೊಡನೆ ಒಂದು ಸುತ್ತು ಹೊಡೆಯಬೇಕು, ಮತ್ತೆ ಬಿದ್ದರೆ ಮತ್ತೊಂದು ಸುತ್ತು. ಹೊಸ ಹಿಮ ಹಗುರ. ಗಂಟೆಗಳು ಕಳೆದಂತೆ ಅದು ತನ್ನ ಭಾರಕ್ಕೇ ಕುಸಿದು ಗಟ್ಟಿಯಾಗುತ್ತದೆ, ಕಾರಿನ ಚಕ್ರ ತುಳಿದರೆ ಕಲ್ಲಾಗುತ್ತದೆ. ಮುನ್ನೂರು ಕಿಲೋ ನೂಕುಬಲದ ಬಂಡಿಗೆ ಒಂದಡಿ ಹಿಮವನ್ನು ಒಂದೇ ಸಲ ಒಪ್ಪಿಸುವುದು ಅನ್ಯಾಯ. ಅದನ್ನೇ ಮೂರು ಪಾಲು ಮಾಡಿದರೆ ಸಲೀಸಾಗಿ ಮುಗಿಸುತ್ತದೆ. ಹಳೆಯ ಜೀಪಿನಲ್ಲಿ ಹಿಮ ತೆಗೆಯುವ ವಿದ್ಯೆಯ ತಿರುಳು ಇಷ್ಟೇ. ಅದಕ್ಕಾಗಿ ನಡುರಾತ್ರಿ ಏಳಬೇಕಾಗುತ್ತದೆ.

ಲೋ ರೇಂಜ್, ಎರಡನೆಯ ಗೇರ್, ನಡಿಗೆಯ ವೇಗ. ಮೊದಲು ದಾರಿಯ ನಡುವೆ ಒಂದು ಸೀಳು, ಆಮೇಲೆ ಎರಡೂ ಅಂಚಿಗೆ. ಪ್ಲೋ ಬಲಕ್ಕೆ ಓರೆಯಾಗಿದ್ದರೆ ಹಿಮ ಬಲಕ್ಕೆ ಹೋಗುತ್ತದೆ, ಜೀಪಿನ ಮೂತಿ ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ 80 ಇಂಚು ಅಂತರವಿರುವ ಗಿಡ್ಡ ಬಂಡಿ ಇದು. ಇಕ್ಕಟ್ಟಿನಲ್ಲಿ ಹೊರಳುವುದೂ ಸುಲಭ, ಹೀಗೆ ಅಡ್ಡ ಜಾರುವುದೂ ಸುಲಭ. ಜಾರಿದರೆ ಪ್ಲೋವನ್ನು ತುಸು ಎತ್ತಿ ಭಾರ ಕಡಿಮೆ ಮಾಡಿ, ಆಕ್ಸಿಲರೇಟರ್ ತುಳಿಯಬೇಡಿ. ದೂರದಿಂದ ಓಡಿಬಂದು ಗುಡ್ಡೆಗೆ ಗುದ್ದುವುದಂತೂ ಬೇಡವೇ ಬೇಡ. ಗುಡ್ಡೆ ಹತ್ತಿರವಾದಂತೆ ಪ್ಲೋವನ್ನು ನಿಧಾನವಾಗಿ ಮೇಲೆತ್ತುತ್ತ ಹೋದರೆ ಹಿಮ ತಾನೇ ಮೇಲೇರಿ ಕೂರುತ್ತದೆ. ಗುಡ್ಡೆಗಳನ್ನು ಮೊದಲ ಹಿಮದಲ್ಲೇ ಆದಷ್ಟು ದೂರಕ್ಕೆ ನೂಕಿ. ಡಿಸೆಂಬರಿನಲ್ಲಿ ಅಂಚಿಗೇ ಬಿಟ್ಟದ್ದು ಬಂಡೆಯಾಗಿ, ಫೆಬ್ರವರಿಗೆ ದಾರಿ ಕಾರಿನಷ್ಟೇ ಅಗಲ ಉಳಿದಿರುತ್ತದೆ.

ಗ್ಯಾರೇಜಿನ ಬಾಗಿಲ ಮುಂದೆ ನೂಕಲು ಜಾಗವಿಲ್ಲ. ಅಲ್ಲಿ ಬಾಗಿಲ ಹತ್ತಿರದವರೆಗೂ ಪ್ಲೋ ಎತ್ತಿಕೊಂಡು ಹೋಗಿ, ಇಳಿಸಿ, ಹಿಂದಕ್ಕೆ ಚಲಿಸಬೇಕು. ಕಣದಲ್ಲಿ ಹಲಗೆಯಿಂದ ಭತ್ತ ಎಳೆದಂತೆ ಹಿಮ ಈಚೆಗೆ ಬರುತ್ತದೆ. ಹಿಂದೆ ಮುಂದೆ ಗೇರ್ ಬದಲಿಸುವಾಗ ಜೀಪು ಪೂರ್ತಿ ನಿಂತಿರಲಿ. ಈ ಗೇರ್‌ಬಾಕ್ಸಿನ ಮೊದಲ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇಲ್ಲ, ಅವಸರ ಮಾಡಿದರೆ ಹಲ್ಲು ಮುರಿಯುತ್ತದೆ.

ರಸ್ತೆ ಸೇರುವಲ್ಲಿ ಇನ್ನೊಂದು ತೊಂದರೆ. ಊರಿನ ಲಾರಿ ಹಾದುಹೋಗುವಾಗ ನಿಮ್ಮ ದಾರಿಯ ಬಾಯಿಗೆ ಗಟ್ಟಿ ಹಿಮದ ದಂಡೆ ಹಾಕಿ ಹೋಗುತ್ತದೆ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ, ರಸ್ತೆಗೆ ಮುಖ ಮಾಡಿ ನಿಂತರೆ ಲಾರಿ ಬರುವುದು ನಿಮ್ಮ ಎಡಗಡೆಯಿಂದ. ಆ ಎಡಬದಿಯ ರಸ್ತೆಯಂಚಿನಲ್ಲಿ ಮೊದಲೇ ಒಂದಿಷ್ಟು ಜಾಗ ಬಿಡಿಸಿಟ್ಟರೆ ಲಾರಿ ತನ್ನ ಹೊರೆಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ನಿಮ್ಮ ಹಿಮವನ್ನು ರಸ್ತೆಯಾಚೆ ನೂಕುವುದು ಅಲ್ಲಿನ ಅನೇಕ ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ನೂಕುವಾಗ ಉಳಿದ ಚೂರು ಹೆಪ್ಪುಗಟ್ಟಿ ಯಾರದೋ ಕಾರು ಉರುಳಿಸಬಹುದು ಎಂಬುದೇ ಕಾರಣ.

ನೆಲ ಬರಿದಾದ ಮೇಲೆ ಫೋರ್‌ವೀಲ್ ತೆಗೆಯಲು ಮರೆಯಬೇಡಿ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಡಾಂಬರಿನ ಮೇಲೆ ತಿರುಗಿಸಿದರೆ ಗೇರುಗಳು ಬಿಗಿದು ಸ್ಟೀರಿಂಗ್ ಹಟ ಹಿಡಿಯುತ್ತದೆ. ಪ್ಲೋ ಎತ್ತಿಕೊಂಡು ದೂರ ಹೋಗುವಾಗ ಅದು ಹೆಡ್‌ಲೈಟನ್ನೂ ಮರೆಮಾಡುತ್ತದೆ, ರೇಡಿಯೇಟರಿನ ಗಾಳಿಯನ್ನೂ ತಡೆಯುತ್ತದೆ. ಮೇಲೆ ಬೇರೆ ದೀಪ ಹಾಕಿಸಿ, ಪ್ಲೋವನ್ನು ಓರೆ ಮಾಡಿ ತಗ್ಗಿಸಿಕೊಂಡು ಹೋಗಿ. ಹಳೆಯ ವೈಪರ್ ಎಂಜಿನ್ನಿನ ನಿರ್ವಾತದಿಂದ ನಡೆಯುವಂಥದು, ಆಕ್ಸಿಲರೇಟರ್ ತುಳಿದಾಗಲೇ ನಿಧಾನವಾಗುತ್ತದೆ. ವಿದ್ಯುತ್ ವೈಪರಿಗೆ ಬದಲಿಸುವುದು ಲೇಸು. ನಿಂತಲ್ಲೇ ಎಂಜಿನ್ ಓಡಿಸುವಾಗ ಸೈಲೆನ್ಸರ್ ಕೊಳವೆಗೆ ಹಿಮ ಮೆತ್ತಿಲ್ಲವೇ ನೋಡಿ, ಹೊಗೆ ಒಳಗೆ ಬಂದರೆ ಪ್ರಾಣಕ್ಕೇ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಕ್ಕೆ ಬರುವಾಗ ಪ್ರತಿ ಸಲವೂ ಕತ್ತು ತಿರುಗಿಸಿ ನೋಡಿ. ಮಕ್ಕಳು ಹಿಮದ ಗುಡ್ಡೆಯಲ್ಲಿ ಗುಹೆ ತೋಡಿ ಆಡುತ್ತಾರೆ. ಗುಡ್ಡೆಗೆ ನೂಕುವ ಮುಂಚೆ ಮನೆಯ ಮಕ್ಕಳೆಲ್ಲ ಎಲ್ಲಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಲೇಬೇಕು.

ಒಂದೆರಡು ಮನೆಗಳ ದಾರಿಗೆ ಇಂಥ ಜೀಪು ಧಾರಾಳ ಸಾಕು. ಅಂಗಡಿ ಮುಂದಿನ ಕಾರು ನಿಲ್ದಾಣ, ಅರ್ಧ ಮೈಲಿಯ ಖಾಸಗಿ ರಸ್ತೆ ಇದರ ಕೆಲಸವಲ್ಲ. ಅದಕ್ಕೆ ಮುಕ್ಕಾಲು ಟನ್ನಿನ ಟ್ರಕ್ ಬೇಕು. ಕೊಳ್ಳುವ ಮನಸ್ಸಿದ್ದರೆ ಬೇಸಿಗೆಯಲ್ಲಿ ನೋಡಿ, ಬಣ್ಣಕ್ಕೆ ಮರುಳಾಗಬೇಡಿ. ರಸ್ತೆಗೆ ಹಾಕುವ ಉಪ್ಪು ಈ ಬಂಡಿಗಳನ್ನು ಕೆಳಗಿನಿಂದ ತಿನ್ನುತ್ತದೆ. ಸುತ್ತಿಗೆ ಹಿಡಿದು ಅಡಿಯಲ್ಲಿ ಮಲಗಿ, ಚಾಸಿಯ ಉದ್ದಕ್ಕೂ, ಮುಖ್ಯವಾಗಿ ಮುಂದಿನ ಸ್ಪ್ರಿಂಗುಗಳು ಕೂರುವ ಜಾಗದಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದರೆ ಕೊಳ್ಳಿ. ಎಂಜಿನ್, ಗೇರ್‌ಬಾಕ್ಸು, ಬ್ರೇಕು ಯಾವುದು ಕೆಟ್ಟಿದ್ದರೂ ಬಿಡಿಭಾಗ ಸಿಗುತ್ತದೆ. ಚಾಸಿ ಟೊಳ್ಳಾಗಿದ್ದರೆ ಅದಕ್ಕೆ ಪ್ಲೋ ಕಟ್ಟಬೇಡಿ.