ಮೂವತ್ತೊಂದನೆಯ ಅಂತಸ್ತಿನ ಊಟ

ಊಟಕ್ಕೂ ಎತ್ತರಕ್ಕೂ ಏನು ಸಂಬಂಧ? ನಮ್ಮ ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಾಳೆಯೆಲೆಯಲ್ಲಿ ಉಂಡವರು. ಇಂದಿನ ನಾಗರಿಕನಾದರೋ ಮೋಡಗಳ ನೆರೆಯಲ್ಲಿ ಮೇಜು ಹಾಕಿಸಿ, ಊರನ್ನೇ ಕಾಲ ಕೆಳಗೆ ಹಾಸಿಕೊಂಡು ಉಣ್ಣಬಯಸುತ್ತಾನೆ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1973ರಲ್ಲಿ 25 ಅಂತಸ್ತಿನ ಯುಟಿಲಿಟಿ ಕಟ್ಟಡ ತಲೆಯೆತ್ತಿದಾಗ ಬೆಂಗಳೂರು ಕತ್ತೆತ್ತಿ ನೋಡಿ ಬೆರಗಾಗಿತ್ತು. ಮಲ್ಲೇಶ್ವರದ ಪಶ್ಚಿಮಕ್ಕೆ 2010ರ ಹೊತ್ತಿಗೆ ಎದ್ದುನಿಂತ ವಿಶ್ವ ವಾಣಿಜ್ಯ ಕೇಂದ್ರ ಅದನ್ನೂ ಮೀರಿಸಿತು. ಅದರ ಎತ್ತರ 128 ಮೀಟರು.

ಕೆಲವು ವರ್ಷಗಳ ಹಿಂದೆ, ಕಾಲೇಜಿನಲ್ಲಿ ನನ್ನ ಕೆಲಸ ಖಾಯಂ ಆದ ಸಂತೋಷಕ್ಕೆ, ನನ್ನ ಸೋದರಮಾವನನ್ನು ಆ ಕಟ್ಟಡದ 31ನೆಯ ಅಂತಸ್ತಿನ ಭೋಜನಶಾಲೆಗೆ ಕರೆದೊಯ್ದೆ. ಅದು ನಾನು ತೀರಿಸಬೇಕಾಗಿದ್ದ ಋಣ. ನನ್ನ ಎಂ.ಎ. ಓದಿನ ಶುಲ್ಕ ಕಟ್ಟಿದವರು ಅವರೇ.

ನಮ್ಮದು ಬೆಳ್ತಂಗಡಿ ತಾಲೂಕಿನ ಲಾಯಿಲ. ಅಲ್ಲಿಂದ 1962ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಶಾಲೆಗೆ ಶರಣು ಹೊಡೆದು ಮಾವ ಚಾರ್ಮಾಡಿ ಘಾಟಿ ಹತ್ತಿದರು. ಅಂದಿನ ಕರಾವಳಿಯ ಬಡಮನೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎನಿಸಿತು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಇಂತಹ ಹೆಸರಾಂತ ಮನೆಗಳ ಹಿಂದೆ, ಹೆಸರಿಲ್ಲದ ಸಾವಿರಾರು ಹುಡುಗರು ಲೋಟ ತೊಳೆದರು, ಮೇಜು ಒರೆಸಿದರು. ಮಾವ ಅವರಲ್ಲೊಬ್ಬರು. ಮಲ್ಲೇಶ್ವರದ ರೈಲು ನಿಲ್ದಾಣದ ಬಳಿಯ ಸಣ್ಣದೊಂದು ಹೋಟೆಲಿನಲ್ಲಿ ಕ್ಲೀನರ್. ತಿಂಗಳಿಗೆ ಹತ್ತು ರೂಪಾಯಿ, ಎರಡು ಹೊತ್ತು ಊಟ, ರಾತ್ರಿ ಮಲಗಲು ಅದೇ ಮೇಜು.

ಲಿಫ್ಟು ನಿಮಿಷದೊಳಗೆ ನಮ್ಮನ್ನು ಮೇಲಕ್ಕೆ ಎತ್ತಿಹಾಕಿತು. ಕಿವಿ ಗುಂಯ್ ಎಂದಿತು. ಗಾಜಿನ ಗೋಡೆಯಾಚೆ ಸೂರ್ಯ ಇಳಿಯುತ್ತಿದ್ದ. ಅಷ್ಟು ಎತ್ತರದಿಂದ, ಆಕಾಶ ತಿಳಿಯಾಗಿದ್ದರೆ, ದಿಗಂತ ಸುಮಾರು 40 ಕಿಲೋಮೀಟರು ದೂರ ಸರಿಯುತ್ತದೆ. ಇಸ್ಕಾನ್ ದೇವಾಲಯದ ಗೋಪುರ, ಗಂಧದ ಸಾಬೂನಿನ ಕಾರ್ಖಾನೆ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಹಸುರು, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ನೀರಿನ ಮಿನುಗು—ಒಂದೊಂದನ್ನೂ ನಾನು ಉತ್ಸಾಹದಿಂದ ತೋರಿಸಿದೆ.

ಮಾವನ ಕಣ್ಣು ಬೇರೇನನ್ನೋ ಅರಸುತ್ತಿತ್ತು. ಮೊದಲು ರೈಲು ಹಳಿಯನ್ನು ಹಿಡಿದರು. ಅದರ ಗುಂಟ ಬೆರಳಾಡಿಸುತ್ತ ನಿಲ್ದಾಣದವರೆಗೆ ಬಂದರು. ಅಲ್ಲಿ ಬೆರಳು ನಿಂತಿತು.

“ಹೋಟೆಲು ಇದ್ದದ್ದು ಅಲ್ಲಿ. ಈಗ ಇಲ್ಲ. ನಾವೀಗ ಕುಳಿತ ಜಾಗ ಯಾವುದು, ಗೊತ್ತುಂಟಾ?”

ಗೊತ್ತಿರಲಿಲ್ಲ. ಆ ನೆಲ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯದಾಗಿತ್ತಂತೆ. ಕಾರ್ಖಾನೆಯ ಸೈರನ್ನೇ ಹೋಟೆಲಿನ ಹುಡುಗರಿಗೆ ಗಡಿಯಾರ. ಬೆಳಗಿನ ಪಾಳಿಯ ಕೆಲಸಗಾರರು ಬರುವ ಮೊದಲು ನೂರು ಲೋಟ ತೊಳೆದಿಡಬೇಕು; ತಡವಾದರೆ ಬೈಗುಳ. “ಈ ಕಾಂಪೌಂಡಿನ ಒಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಇವತ್ತು ನೀನು ನೇರ ನೆತ್ತಿಯ ಮೇಲೆ ಕೂರಿಸಿದೆ” ಎಂದು ಮಾವ ನಕ್ಕರು.

ತಿನಿಸುಗಳ ಪಟ್ಟಿಯನ್ನು ಅವರಿಂದ ಮರೆಮಾಡಿ ನಾನೇ ಹೇಳಿಬಿಟ್ಟೆ. ಬೆಲೆಗಳು ಅವರ ಕಣ್ಣಿಗೆ ಬೀಳಬಾರದೆಂಬುದು ನನ್ನ ಎಚ್ಚರ. ಸೂಪು ಬಂತು, ರೊಟ್ಟಿ, ಪಲ್ಯ ಬಂದವು. ಮಾವ ಅಚ್ಚುಕಟ್ಟಾಗಿ ಉಂಡರು. ಕೊನೆಗೆ, ನಾನು ನೋಡುತ್ತಿರುವಂತೆಯೇ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಎಂಜಲನ್ನು ಮೇಲಿನ ತಟ್ಟೆಯ ಬದಿಗೆ ಒತ್ತರಿಸಿ, ಲೋಟಗಳನ್ನು ಸಾಲಾಗಿ ಮೇಜಿನ ಅಂಚಿಗೆ ತಂದಿಟ್ಟರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮರೆಮಾಚುವುದೇಕೆ? ನನಗೆ ನಾಚಿಕೆಯಾಯಿತು.

“ಮಾವ, ಬಿಡಿ. ಅದನ್ನೆಲ್ಲ ಅವರು ತೆಗೆಯುತ್ತಾರೆ” ಎಂದು ಪಿಸುಗುಟ್ಟಿದೆ.

“ಅವರೇ ತೆಗೆಯುವುದು, ಗೊತ್ತುಂಟು. ತೆಗೆಯುವವನ ಕೈಗೆ ಎಷ್ಟು ಭಾರವೆಂಬುದೂ ಗೊತ್ತುಂಟು.”

ತಟ್ಟೆ ಎತ್ತಲು ಬಂದ ಹುಡುಗ ಈಶಾನ್ಯ ರಾಜ್ಯಗಳ ಕಡೆಯವನೆಂದು ತೋರಿತು. ಮಾವ ತಮಗೆ ಬರುವಷ್ಟು ಹಿಂದಿಯಲ್ಲಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: “ಊಟ ಆಯಿತಾ?” ಹುಡುಗ ಅರೆಕ್ಷಣ ತಬ್ಬಿಬ್ಬಾದ; ಅವನನ್ನು ಅಲ್ಲಿ ಯಾರೂ ಹಾಗೆ ಕೇಳಿರಲಾರರು. ಇನ್ನೂ ಇಲ್ಲ, ಪಾಳಿ ಮುಗಿದ ಮೇಲೆ ಎಂದು ನಗುತ್ತ ತಟ್ಟೆ ಎತ್ತಿಕೊಂಡು ಹೋದ. ಮಾವ ಅವನು ಹೋದ ಬಾಗಿಲನ್ನೇ ನೋಡುತ್ತ ಕುಳಿತರು. ಕೆಳಗೆ ನಗರವೆಲ್ಲ ದೀಪ ಹೊತ್ತಿಸಿಕೊಂಡಿತ್ತು. ಅವರು ಅತ್ತ ತಿರುಗಲಿಲ್ಲ.

ಅಂದು ಕಿಟಕಿಯಿಂದ ಕಂಡ ನೋಟ ನನ್ನ ಮನಸ್ಸಿನಲ್ಲಿ ಈಗ ಮಸುಕಾಗಿದೆ. ಪೇರಿಸಿಟ್ಟ ಆ ತಟ್ಟೆಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ. ನನ್ನನ್ನು ಓದಿಸಿದ ಕೈಗಳು ತಮ್ಮ ಕಸುಬನ್ನು ಮಾಡಿದಾಗ ನಾಚಿದವನು, ಓದಿದ್ದು ಏನನ್ನು?

ಮರಳುವಾಗ, ಅವರನ್ನು ನಗಿಸುವ ನೆವದಲ್ಲಿ, ನಮ್ಮೂರ ಗಡಾಯಿಕಲ್ಲಿನ ಮಾತೆತ್ತಿದೆ. ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಆ ಹೆಬ್ಬಂಡೆಗೆ ಸಾವಿರದೆಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಬಾಲ್ಯದಲ್ಲಿ ಅವಲಕ್ಕಿ ಬೆಲ್ಲದ ಬುತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಹತ್ತಿ, ತುದಿಯಲ್ಲಿ ಕುಳಿತು ತಿಂದಾಗ, ಲೋಕದಲ್ಲಿ ಅದಕ್ಕಿಂತ ಎತ್ತರವಿಲ್ಲವೆಂದೇ ನಮ್ಮ ನಂಬಿಕೆ. “ಅದರ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ, ಮಾವ. ಬೆಂಗಳೂರಿನ ನೆಲವೇ 3,000 ಅಡಿ. ಇಲ್ಲಿ ಬೀದಿಯಲ್ಲಿ ನಿಂತವನೂ ಗಡಾಯಿಕಲ್ಲಿಗಿಂತ ಮೇಲಿದ್ದಾನೆ!”

ಮಾವ ಬೀದಿಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಹಾಗಾದರೆ ಹನ್ನೆರಡನೆಯ ವಯಸ್ಸಿನಲ್ಲೇ ನಾನು ಅಷ್ಟು ಮೇಲೆ ಬಂದಿದ್ದೆ ಅನ್ನು. ಲೋಟ ತೊಳೆಯುವ ಗಡಿಬಿಡಿಯಲ್ಲಿ ಗೊತ್ತೇ ಆಗಲಿಲ್ಲ ಮಾರಾಯ.”

ಹೀಗೆಂದು, ಎದುರಿನ ಗೂಡಂಗಡಿಯತ್ತ ನಡೆದು, ನಿಂತುಕೊಂಡೇ ಕುಡಿಯಲು ಎರಡು ಕಾಫಿ ಹೇಳಿದರು. ಅದರ ದುಡ್ಡನ್ನು ಕೊಡಲು ನನ್ನನ್ನು ಬಿಡಲಿಲ್ಲ.