ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವ ವಿದ್ಯೆ

ಗದಗ ಪಟ್ಟಣಕ್ಕೆ ಸಮೀಪದ ಕಣಗಿನಹಾಳದ ಹೆಸರು ಭಾರತದ ಸಹಕಾರ ಚಳವಳಿಯ ಇತಿಹಾಸದ ಮೊದಲ ಪುಟದಲ್ಲಿಯೇ ಬರುತ್ತದೆ. ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯನ್ನು ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಈ ಹಳ್ಳಿಯಲ್ಲೊಂದು ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಮನ್ನಣೆ ಅದಕ್ಕಿದೆ. ಹಣಕಾಸಿನ ದೃಷ್ಟಿಯಿಂದ ಈ ಸಂಗತಿಯನ್ನು ಹಲವರು ವಿವರಿಸಿದ್ದಾರೆ. ಮನಸ್ಸಿನ ದೃಷ್ಟಿಯಿಂದ ನೋಡಿದಾಗಲೂ ಅದರಲ್ಲಿ ಕಲಿಯತಕ್ಕದ್ದೊಂದು ಇದೆ.

ಈ ಸೀಮೆ ಎರೆಭೂಮಿಯ ಸೀಮೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ ಪ್ರಯೋಜನ. ಮುಂಗಾರಿನ ಹೆಸರು, ಹಿಂಗಾರಿನ ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ ಎಲ್ಲವೂ ಆಕಾಶವನ್ನೇ ನೆಚ್ಚಿದ ಬೆಳೆಗಳು. 1876ರಿಂದ 78ರವರೆಗಿನ ಮಹಾಕ್ಷಾಮವನ್ನೂ ಶತಮಾನದ ತಿರುವಿನಲ್ಲಿ ಬಂದ ಇನ್ನೊಂದು ಬರವನ್ನೂ ಕಂಡಿದ್ದ ರೈತರಿಗೆ ಮಳೆ ಕೈಕೊಡುವುದು ಹೊಸ ಸುದ್ದಿಯೇನಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯ ಮೂರು ಬಗೆಯಲ್ಲಿ ನಡೆದುಕೊಳ್ಳಬಹುದು. ‘ಹೀಗಾಗಬಾರದಿತ್ತು’ ಎಂದು ಆಕಾಶದೊಡನೆ ಜಗಳವಾಡಬಹುದು. ‘ಎಲ್ಲ ಹಣೆಬರಹ’ ಎಂದು ಕೈಚೆಲ್ಲಿ ಕೂರಬಹುದು. ಇಲ್ಲವೇ, ಮಳೆ ತನ್ನ ಕೈಯಲ್ಲಿಲ್ಲ ಎಂಬುದನ್ನು ಪೂರ್ತಿಯಾಗಿ ಒಪ್ಪಿಕೊಂಡು, ತನ್ನ ಕೈಯಲ್ಲಿರುವುದು ಯಾವುದು ಎಂದು ಹುಡುಕಬಹುದು. ಸಹಕಾರ ಸಂಘವೆಂಬುದು ಈ ಮೂರನೆಯ ದಾರಿಯ ಫಲ. ಸಂಘ ಮಳೆ ತರಿಸುವುದಿಲ್ಲ. ಮಳೆ ಬಾರದ ವರ್ಷ ಸಾಹುಕಾರನ ಬಡ್ಡಿಗೆ ಸಿಕ್ಕಿ ಹೊಲ ಕಳೆದುಕೊಳ್ಳುವುದನ್ನು ತಪ್ಪಿಸಲು ಅದು ಒಂದು ಉಪಾಯ.

ಒಪ್ಪಿಕೊಳ್ಳುವುದಕ್ಕೂ ಸೋಲುವುದಕ್ಕೂ ನಡುವಿನ ಈ ವ್ಯತ್ಯಾಸವನ್ನು ಮನೋವೈದ್ಯಕೀಯ ಜಗತ್ತು ತೀರ ಈಚೆಗೆ ಒಂದು ಚಿಕಿತ್ಸಾಕ್ರಮವಾಗಿ ರೂಪಿಸಿದೆ. ಇಂಗ್ಲಿಷಿನಲ್ಲಿ ಅದನ್ನು ‘ರ‍್ಯಾಡಿಕಲ್ ಆಕ್ಸೆಪ್ಟೆನ್ಸ್’ ಎನ್ನುತ್ತಾರೆ. ‘ರ‍್ಯಾಡಿಕಲ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿ ‘ಬೇರು’ ಎಂಬ ಅರ್ಥದ ಮಾತು. ಆದ್ದರಿಂದ ಕನ್ನಡದಲ್ಲಿ ಇದನ್ನು ‘ಬೇರುಮಟ್ಟದ ಒಪ್ಪಿಗೆ’ ಎನ್ನಬಹುದು. ತುಟಿಯ ಮೇಲಿನ ಒಪ್ಪಿಗೆ ಸಾಲದು. ಬುದ್ಧಿ, ಮನಸ್ಸು, ಮೈ ಮೂರೂ ಒಪ್ಪಬೇಕು ಎಂಬುದು ಇದರ ತಾತ್ಪರ್ಯ.

ರೋಗಿಯೇ ವೈದ್ಯಳಾದ ಕಥೆ

ಈ ಕ್ರಮವನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. 1943ರಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಹುಟ್ಟಿದ ಆಕೆಯನ್ನು ಹದಿನೇಳನೆಯ ವಯಸ್ಸಿನಲ್ಲಿ, 1961ರಲ್ಲಿ, ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ತಾಳಲಾರದ ಸಂಕಟದಲ್ಲಿ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ ಆ ಹುಡುಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದಳು. ಹೊರಬಂದ ಮೇಲೆ ಓದಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದಳು; ತನ್ನಂಥವರಿಗಾಗಿಯೇ ಚಿಕಿತ್ಸೆಯೊಂದನ್ನು ಕಟ್ಟಿದಳು. ಅದು ಫಲಕಾರಿಯೆಂದು ತೋರಿಸಿದ ಮೊದಲ ಪ್ರಯೋಗದ ವರದಿ 1991ರಲ್ಲಿ, ಪದ್ಧತಿಯನ್ನು ವಿವರಿಸುವ ಗ್ರಂಥ 1993ರಲ್ಲಿ ಹೊರಬಂದವು. ತಾನೂ ಒಂದು ಕಾಲದಲ್ಲಿ ರೋಗಿಯಾಗಿದ್ದೆ ಎಂಬುದನ್ನು ಆಕೆ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ತಾನು ದಾಖಲಾಗಿದ್ದ ಅದೇ ಆಸ್ಪತ್ರೆಯಲ್ಲಿ ನಿಂತು.

ಲಿನೆಹನ್ ಅವರಿಗೆ ಎದುರಾದ ತೊಡಕು ಸ್ವಾರಸ್ಯದ್ದು. ‘ನೀನು ಬದಲಾಗಬೇಕು’ ಎಂದು ಮಾತ್ರ ಹೇಳಿದರೆ, ನೊಂದವರಿಗೆ ಅದು ‘ತಪ್ಪೆಲ್ಲ ನಿನ್ನದೇ’ ಎಂಬಂತೆ ಕೇಳಿಸುತ್ತಿತ್ತು. ‘ನೀನಿರುವುದು ಹೀಗೆ, ಸರಿ’ ಎಂದು ಮಾತ್ರ ಹೇಳಿದರೆ, ಅವರ ನರಕದಲ್ಲೇ ಅವರನ್ನು ಬಿಟ್ಟುಹೋದಂತಾಗುತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿತ್ತು. ಒಪ್ಪಿಗೆಯ ಪಾಠಕ್ಕಾಗಿ ಆಕೆ ಝೆನ್ ಗುರುಗಳ ಬಳಿ ಸಾಧನೆ ಮಾಡಿದರು. ಭಾರತದಿಂದ ‘ಧ್ಯಾನ’ವೆಂದು ಹೊರಟು ಚೀನದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆದ ಪರಂಪರೆ ಅದು. ಹೀಗೆ ಪೂರ್ವದ ಸಾಧನೆಯೊಂದು ಪಶ್ಚಿಮದ ಆಸ್ಪತ್ರೆಯ ಪರಿಭಾಷೆಯನ್ನು ಹೊತ್ತು ಮರಳಿ ಬಂದಿದೆ.

ನೋವು ಬೇರೆ, ನರಳಾಟ ಬೇರೆ

ಈ ವಿಚಾರದ ತಳಹದಿ ಒಂದು ಸರಳ ವಿಂಗಡಣೆ. ಬದುಕಿನಲ್ಲಿ ನೋವು ತಪ್ಪಿದ್ದಲ್ಲ. ಸಾವು, ಅಗಲಿಕೆ, ಬೆಳೆನಷ್ಟ, ಕಾಯಿಲೆ, ಮುರಿದ ಮದುವೆ ಇವೆಲ್ಲ ನೋಯಿಸಿಯೇ ತೀರುತ್ತವೆ. ಆದರೆ ಆ ನೋವನ್ನು ‘ಇದು ನನಗೇಕೆ, ಇದು ಆಗಲೇಬಾರದಿತ್ತು’ ಎಂದು ಹಗಲಿರುಳು ನಿರಾಕರಿಸುತ್ತ ಹೋದಾಗ ನೋವಿನ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಬುದ್ಧ ಇದನ್ನು ಎರಡು ಬಾಣಗಳ ದೃಷ್ಟಾಂತದಿಂದ ವಿವರಿಸಿದ. ಮೊದಲ ಬಾಣ ಮೈಗೆ ನಾಟುವ ನೋವು. ಅದರ ಹಿಂದೆಯೇ ಮನಸ್ಸು ತನಗೆ ತಾನೇ ಚುಚ್ಚಿಕೊಳ್ಳುವುದು ಎರಡನೆಯ ಬಾಣ. ಬೇರುಮಟ್ಟದ ಒಪ್ಪಿಗೆ ಮೊದಲ ಬಾಣವನ್ನು ತಡೆಯುತ್ತೇನೆ ಎನ್ನುವುದಿಲ್ಲ. ಎರಡನೆಯದನ್ನು ಕೆಳಗಿಡಲು ಅದು ಕಲಿಸುತ್ತದೆ.

ಸಾಲ ಮಾಡಿ ಕೊರೆಸಿದ ಕೊಳವೆಬಾವಿಯಲ್ಲಿ ನೀರು ಬರಲಿಲ್ಲ ಎಂದಿಟ್ಟುಕೊಳ್ಳಿ. ಹಣ ಹೋಯಿತು, ಬೆಳೆಯೂ ಹೋಯಿತು, ಇದು ನೋವು. ‘ಪಕ್ಕದವನಿಗೆ ನೀರು ಬಿತ್ತಲ್ಲ, ಆ ಜಾಗ ಯಾಕೆ ಆರಿಸಿದೆ, ಜನರ ಮುಂದೆ ಹೇಗೆ ತಲೆಯೆತ್ತಲಿ’ ಎಂದು ನಿದ್ದೆಗೆಟ್ಟು ಸುತ್ತುವ ಯೋಚನೆ ನರಳಾಟ. ಈ ಯೋಚನೆ ಹಣವನ್ನು ಹಿಂದಕ್ಕೆ ತರುವುದಿಲ್ಲ. ಅಷ್ಟೇ ಅಲ್ಲ, ಬ್ಯಾಂಕಿಗೆ ಹೋಗಿ ಕಂತಿನ ಮಾತಾಡುವುದಕ್ಕೆ, ಇರುವ ತೇವದಲ್ಲಿ ಏನು ಬಿತ್ತಬಹುದೆಂದು ಲೆಕ್ಕ ಹಾಕುವುದಕ್ಕೆ ಬೇಕಾದ ಶಕ್ತಿಯನ್ನೂ ತಿಂದುಹಾಕುತ್ತದೆ. ಇದ್ದ ಸ್ಥಿತಿಯನ್ನು ಒಪ್ಪದವನು ಅದನ್ನು ಬದಲಿಸಲಾರ. ಗಾಡಿ ಕೆಸರಿನಲ್ಲಿ ಹೂತಿದೆ ಎಂದು ಒಪ್ಪಿದವನು ಮಾತ್ರ ಕೆಳಗಿಳಿದು ಗಾಲಿಗೆ ಹೆಗಲು ಕೊಡುತ್ತಾನೆ.

ಕಲಿಯುವ ಬಗೆ

ಇದು ಸ್ವಭಾವದಿಂದ ಬರುವ ಗುಣವಲ್ಲ, ಅಭ್ಯಾಸದಿಂದ ಬರುವ ವಿದ್ಯೆ. ಮೊದಲ ಹೆಜ್ಜೆ, ತಾನು ವಾಸ್ತವದೊಡನೆ ಜಗಳಕ್ಕೆ ನಿಂತಿರುವುದನ್ನು ಗುರುತಿಸುವುದು. ‘ಆಗಬಾರದಿತ್ತು’, ‘ಹೀಗಿರಲೇಬಾರದು’ ಎಂಬ ಮಾತುಗಳು ಅದರ ಗುರುತು. ಎರಡನೆಯದು, ನಡೆದದ್ದನ್ನು ವಿಶೇಷಣಗಳಿಲ್ಲದೆ ಹೇಳಿಕೊಳ್ಳುವುದು: ‘ಬೆಳೆ ಹೋಗಿದೆ. ಇಷ್ಟು ಸಾಲವಿದೆ. ಇಷ್ಟು ಹೊಲವಿದೆ.’ ಮೂರನೆಯದು, ಪ್ರತಿಯೊಂದಕ್ಕೂ ಕಾರಣಗಳ ಸರಪಳಿಯೊಂದು ಇರುತ್ತದೆ ಎಂದು ನೆನೆಯುವುದು. ಆ ಕಾರಣಗಳೆಲ್ಲ ಕೂಡಿದ ಮೇಲೆ ಈ ಫಲ ಬರಲೇಬೇಕಾಗಿತ್ತು. ನಾಲ್ಕನೆಯದು ಮೈಗೆ ಸಂಬಂಧಿಸಿದ್ದು. ಬಿಗಿದ ಮುಷ್ಟಿಯನ್ನು ಸಡಿಲಿಸಿ, ಅಂಗೈಯನ್ನು ಮೇಲ್ಮುಖವಾಗಿ ತೊಡೆಯ ಮೇಲಿಟ್ಟು, ಹುಬ್ಬು, ದವಡೆ ಸಡಿಲಿಸಿ, ನಿಧಾನವಾಗಿ ಉಸಿರಾಡಬೇಕು. ಮೈ ಸೆಣಸಾಟವನ್ನು ಬಿಟ್ಟರೆ ಮನಸ್ಸೂ ಸ್ವಲ್ಪ ಬಿಡುತ್ತದೆ.

ಐದನೆಯ ಹೆಜ್ಜೆಯೇ ಕಷ್ಟದ್ದು. ಒಮ್ಮೆ ಒಪ್ಪಿದರೆ ಮುಗಿಯಿತೆಂದಿಲ್ಲ. ಬೆಳಗ್ಗೆ ಒಪ್ಪಿದ ಮನಸ್ಸು ಮಧ್ಯಾಹ್ನ ಮತ್ತೆ ಜಗಳಕ್ಕೆ ನಿಲ್ಲುತ್ತದೆ. ಕವಲುದಾರಿಗೆ ಬಂದಾಗಲೆಲ್ಲ ಎತ್ತಿನ ಮೂಗುದಾರವನ್ನು ಹಿಡಿದು ಸರಿದಾರಿಗೆ ತಿರುಗಿಸುವಂತೆ ಮನಸ್ಸನ್ನು ಮತ್ತೆ ಮತ್ತೆ ತಿರುಗಿಸಬೇಕು. ಒಂದು ದಿನದಲ್ಲಿ ಹತ್ತಾರು ಸಲ ತಿರುಗಿಸಬೇಕಾಗಿ ಬಂದರೂ ಅದು ಸೋಲಲ್ಲ, ಅಭ್ಯಾಸವೆಂದರೆ ಅದೇ.

ಅಳು ಬೇಡವೆಂದಲ್ಲ

ಒಪ್ಪಿಗೆಯೆಂದರೆ ಕಲ್ಲಾಗುವುದು ಎಂದು ತಿಳಿಯುವವರುಂಟು. ‘ಸತ್ತವರ ಹಿಂದ ಸಾಯಾಕ ಬರತೈತೇನು’ ಎಂದು ಸಮಾಧಾನ ಹೇಳುವ ಈ ಸೀಮೆಯ ಜನ, ಅದಕ್ಕೆ ಮೊದಲು ಮನಸಾರೆ ಅಳುವುದಕ್ಕೂ ಜಾಗ ಮಾಡಿಕೊಟ್ಟಿದ್ದಾರೆ. ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುವ ಹೆಂಗಸರ ಪದ್ಧತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಲು ಹಳೆಯದು. ಹಾಡಿ ಅಳುವಾಗ ‘ಅವರು ಇನ್ನಿಲ್ಲ’ ಎಂಬ ಮಾತು ಬಾಯಿಗೆ ಬರುತ್ತದೆ. ನಾಲ್ಕು ಜನರ ಎದುರು ಬರುತ್ತದೆ. ಒಪ್ಪಿಗೆಯ ಮೊದಲ ಮೆಟ್ಟಿಲು ಅದು.

ಬೇಂದ್ರೆಯವರ ಮನೆತನದ ಮೂಲ ಊರು ಇದೇ ಸೀಮೆಯ ಶಿರಹಟ್ಟಿ. ಹಲವು ಮಕ್ಕಳನ್ನು ಕಳೆದುಕೊಂಡ ಆ ಕವಿಯ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯಲ್ಲಿ ಗಂಡ ಹೆಂಡತಿಗೆ ಕೇಳುವುದು, ದುಃಖವನ್ನು ನಗುವಿನ ಮರೆಯಲ್ಲಿ ಮುಚ್ಚಿಡಬೇಡ ಎಂದೇ. ದುಃಖವನ್ನು ಒತ್ತಿಹಿಡಿಯುವುದೂ ಒಂದು ಬಗೆಯ ನಿರಾಕರಣೆ ಎಂಬುದನ್ನು ಕನ್ನಡ ಕವಿತೆಯೂ ಕಂಡುಕೊಂಡಿತ್ತು.

ಒಪ್ಪಿಗೆ ಕೆಲಸವಾಗಿ ಮಾರ್ಪಟ್ಟಾಗ

ಒಪ್ಪಿದ ಮೇಲೆ ಏನು ಎಂಬ ಪ್ರಶ್ನೆಗೆ ಗದಗಿನಲ್ಲಿಯೇ ಒಂದು ದೊಡ್ಡ ಉತ್ತರವಿದೆ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಳಗಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರ ಸಾಧನೆಯ ಕುರುಹು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಗುರುವಿನ ನಂತರ ಆಶ್ರಮವನ್ನು ನಡೆಸಿದರು. ಅದರ ಅನ್ನದಾಸೋಹಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿ ಊರೂರು ತಿರುಗಿದರು. ಸಂಸ್ಕೃತ, ಹಿಂದಿ, ಕನ್ನಡ ಮೂರರಲ್ಲೂ ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಈ ಆಶ್ರಮ ಅಂಧ ಮಕ್ಕಳನ್ನು ಕಂಡ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಬರುತ್ತದೆ ಎಂಬ ಸುಳ್ಳು ಭರವಸೆ ಅಲ್ಲಿರಲಿಲ್ಲ. ಕಣ್ಣಿಲ್ಲದ್ದರಿಂದ ಭಿಕ್ಷೆಯೇ ಗತಿ ಎಂಬ ತೀರ್ಮಾನವೂ ಇರಲಿಲ್ಲ. ಕಣ್ಣಿಲ್ಲ ಎಂಬುದು ಮೊದಲ ವಾಕ್ಯ. ಕಿವಿಯಿದೆ, ಕಂಠವಿದೆ, ಬೆರಳಿದೆ ಎಂಬುದು ಮರುವಾಕ್ಯ. ಮೊದಲ ವಾಕ್ಯವನ್ನು ಪೂರ್ತಿ ಒಪ್ಪದೆ ಎರಡನೆಯದಕ್ಕೆ ಬರುವುದು ಕಷ್ಟ.

ಎಲ್ಲಿ ಒಪ್ಪಬಾರದು

ಈ ವಿದ್ಯೆಗೆ ಎಲ್ಲೆಗಳಿವೆ. ಅವನ್ನು ಮರೆತರೆ ಅದು ಅನ್ಯಾಯದ ಆಯುಧವಾಗುತ್ತದೆ. ಒಪ್ಪುವುದೆಂದರೆ ಸರಿಯೆನ್ನುವುದಲ್ಲ, ಕ್ಷಮಿಸುವುದೂ ಅಲ್ಲ. ಗಂಡನ ಹೊಡೆತ ತಿನ್ನುವ ಹೆಂಗಸಿಗೆ ‘ಒಪ್ಪಿಕೊಂಡು ಬಾಳು’ ಎನ್ನುವುದು ಈ ವಿದ್ಯೆಯ ವಿಕಾರ. ಆಕೆ ಒಪ್ಪಬೇಕಾದದ್ದು ‘ನಾನು ಹೊಡೆಸಿಕೊಳ್ಳುತ್ತಿದ್ದೇನೆ, ಇದು ತಾನಾಗಿ ನಿಲ್ಲುವುದಿಲ್ಲ’ ಎಂಬ ನಿಜವನ್ನು. ಹೊರಬರುವ ದಾರಿ ಹುಡುಕಲು ಆ ಒಪ್ಪಿಗೆಯೇ ಬಲ. ಹಾಗೆಯೇ ಒಪ್ಪಬೇಕಾದದ್ದು ಆಗಿಹೋದ, ಈಗ ಇರುವ ಸಂಗತಿಗಳನ್ನು ಮಾತ್ರ. ‘ಇನ್ನು ನನ್ನ ಬಾಳು ಮುಗಿಯಿತು’ ಎಂಬುದು ಸಂಗತಿಯಲ್ಲ, ನೊಂದ ಮನಸ್ಸು ನುಡಿಯುವ ಭವಿಷ್ಯ. ಅದನ್ನು ಒಪ್ಪಬೇಕಾಗಿಲ್ಲ.

ಇನ್ನೊಂದು ಎಲ್ಲೆ, ಒಬ್ಬನೇ ಮಾಡಲಾಗದ ಕಾಲವೂ ಇರುತ್ತದೆ ಎಂಬುದು. 1990ರ ದಶಕದ ಕೊನೆಯಿಂದ ಕರ್ನಾಟಕದ ಒಣಬೇಸಾಯದ ಜಿಲ್ಲೆಗಳು ರೈತರ ಆತ್ಮಹತ್ಯೆಗಳನ್ನು ಕಂಡಿವೆ. ಅಲ್ಲಿ ಸಾಲ, ಬೆಲೆ, ನೀರು ಎಲ್ಲವೂ ಕಾರಣಗಳಾಗಿದ್ದವು. ಅವಕ್ಕೆ ಪರಿಹಾರ ಸರ್ಕಾರದಿಂದ, ಮಾರುಕಟ್ಟೆಯಿಂದ ಬರಬೇಕೇ ಹೊರತು ಧ್ಯಾನದಿಂದಲ್ಲ. ಆದರೆ ಆ ಹೊತ್ತಿನ ಸಂಕಟವನ್ನು ದಾಟಿಸುವ ಕೈ ಬೇಕೇ ಬೇಕು. ನಿದ್ದೆ, ಊಟ ಬಿಟ್ಟುಹೋದಾಗ, ಸಾವಿನ ಯೋಚನೆ ಸುಳಿದಾಗ ಮನಸ್ಸಿನ ಅಭ್ಯಾಸವನ್ನಷ್ಟೇ ನೆಚ್ಚದೆ ವೈದ್ಯರನ್ನು ಕಾಣಬೇಕು. ಈ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗ ನಡೆಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

1904ರ ಕಾಯ್ದೆಯಡಿ ಹಳ್ಳಿಯ ಪತ್ತಿನ ಸಂಘಗಳಿಗೆ ಹೊಣೆ ಅಪರಿಮಿತವಾಗಿತ್ತು. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಹಾಗಾಗಿ ಯಾರಿಗೆ ಎಷ್ಟು ಸಾಲವಿದೆ, ಯಾರ ಬೆಳೆ ಹೋಗಿದೆ ಎಂಬುದು ಮುಚ್ಚಿಡುವ ಮಾತಾಗಿ ಉಳಿಯುವಂತಿರಲಿಲ್ಲ. ಅದನ್ನು ನಾಲ್ಕು ಜನರ ನಡುವೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಮನಸ್ಸಿನ ಸಂಕಟಕ್ಕೂ ಈ ಲೆಕ್ಕ ಹೊಂದುತ್ತದೆ. ಒಳಗೇ ಬಚ್ಚಿಟ್ಟ ನಷ್ಟ ಬಡ್ಡಿ ಬೆಳೆಸುತ್ತ ಹೋಗುತ್ತದೆ. ‘ಹೌದು, ಹೀಗಾಗಿದೆ’ ಎಂದು ನಂಬಿಕೆಯವರ ಎದುರು ಹೇಳಿದ ದಿನದಿಂದ, ಕಳೆದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಕಣ್ಣಿಗೆ ಕಾಣತೊಡಗುತ್ತದೆ. ಉಳಿದದ್ದು ಎಷ್ಟೇ ಕಡಿಮೆಯಿದ್ದರೂ ಮುಂದಿನ ಬಿತ್ತನೆ ಅದರಿಂದಲೇ ಆಗಬೇಕು.